ಮಾನದ ದೂರಿಗೆ ಮೂರು ತಿಂಗಳು

ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳವು ಸಮಾನತೆಯ ಹಕ್ಕಿಗೇ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಸಾರಿತು. 2013ರ ಕಾಯಿದೆಯಾದರೋ ದೂರು ಕೊಡಲು ಕಡೆಯ ಘಟನೆಯಿಂದ ಮೂರು ತಿಂಗಳ ವಾಯಿದೆಯನ್ನಷ್ಟೇ ಇಟ್ಟಿದೆ. ತಕ್ಕ ಕಾರಣವಿದ್ದಲ್ಲಿ ಸಮಿತಿಯು ಇನ್ನು ಮೂರು ತಿಂಗಳು ಕೊಡಬಹುದು, ಅಷ್ಟೆ. ಕೈಸಾಲದ ದಾವೆಗೆ ಮೂರು ವರ್ಷ, ಮಾನದ ದೂರಿಗೆ ಮೂರು ತಿಂಗಳು! ಅರಂತೋಡಿನ ರಬ್ಬರು ತೋಟದಲ್ಲಿ ದಿನಗೂಲಿಗೆ ದುಡಿಯುವಾಕೆ ಅಂಜಿಕೆ ಮೀರಿ ಬಾಯಿಬಿಡುವಷ್ಟರಲ್ಲಿ ಆ ಕಾಲವು ಕಳೆದುಹೋದೀತು.

ಹತ್ತಕ್ಕಿಂತ ಕಡಿಮೆ ಆಳುಗಳಿರುವ ತೋಟದ ದೂರನ್ನು ವಿಚಾರಿಸತಕ್ಕದ್ದು ಜಿಲ್ಲೆಯ ಸ್ಥಳೀಯ ಸಮಿತಿ. ಅದನ್ನು ತಾಲ್ಲೂಕಿನಲ್ಲಿಯೇ ಸ್ವೀಕರಿಸಿ ಏಳು ದಿನಗಳೊಳಗಾಗಿ ಸಮಿತಿಗೆ ಮುಟ್ಟಿಸಲು ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದೂ ಕಾಯಿದೆಯಲ್ಲಿದೆ. ಸುಳ್ಯದ ಆ ಅಧಿಕಾರಿಯ ಹೆಸರು ಅರಂತೋಡಿನ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲೆಂದು ಜಿಲ್ಲಾಧಿಕಾರಿಗಳನ್ನು ನಾವು ಕೇಳುತ್ತೇವೆ.