ವಶೀಕರಣದ ಗಂಟು, ಮೂವತ್ತು ದಿನದ ನೋಟಿಸು

ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಅಂಟಿಸಿರುವ ಚೀಟಿಗಳನ್ನು ನೀವೂ ನೋಡಿರ್ತೀರಿ. ಪ್ರೇಮ ವಿವಾಹ, ಗಂಡ ಹೆಂಡತಿ ಜಗಳ, ಅನ್ಯಧರ್ಮದ ಮದುವೆಗೆ ಮನೆಯವರ ಒಪ್ಪಿಗೆ, ಎಲ್ಲಕ್ಕೂ ಒಂದೇ ಫೋನ್ ನಂಬರು. ಈಗ ಅದೇ ಚೀಟಿ ಮೊಬೈಲಿನಲ್ಲಿ ರೀಲ್ಸ್ ನಡುವೆ ಬರುತ್ತದೆ. ನಾನೂ ನೋಡಿ ನಗುತ್ತಿದ್ದವನೇ. ಮೂರು ವರ್ಷದ ಹಿಂದೆ ಗೆಳೆಯನ ಮನೆಯ ಅಡುಗೆಕಟ್ಟೆ ಮೇಲೆ ಕೆಂಪು ಬಟ್ಟೆಯ ಗಂಟೊಂದು ಸಿಕ್ಕ ಮೇಲೆ ನಗು ನಿಂತಿತು.

ಗೆಳೆಯ ಮೂಡಲಗಿ ತಾಲ್ಲೂಕಿನವನು, ಹುಡುಗಿ ಹುಕ್ಕೇರಿ ಕಡೆಯವಳು. ಇಬ್ಬರೂ ನನ್ನ ಹಾಗೆ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದವರು. ಧರ್ಮ ಬೇರೆ. ಯಾರದು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಮಂದಿ ಮುಂದಿನ ಸಾಲಿಗೆ ಬರುವ ಮೊದಲೇ ಪಕ್ಷ ಹಿಡೀತಾರೆ.

ಗಂಟಿನಲ್ಲಿ ಒಂದು ಒಣ ಬೇರು, ನಾಲ್ಕು ಬಿಳಿ ಗುಲಗಂಜಿ, ಒಂದಿಷ್ಟು ಚಪ್ಪಟೆ ಕಂದು ಬೀಜ ಇದ್ದವು. ಗೆಳೆಯನ ಅವ್ವ ಮುಚ್ಚಿಡಲಿಲ್ಲ. "ತಮ್ಮಾ, ಹನ್ನೊಂದ ಸಾವಿರ ಕೊಟ್ಟೀನಿ. ಬೀಜ ಅರದ ಹಾಲಿನಾಗ ಕುಡಿಸಿದ್ರ ಅಮಾಸಿ ಒಳಗ ಇವನ ಮನಸ್ಸ ತಿರಗತೈತಿ ಅಂದಾನ" ಅಂದರು. ನಮ್ಮ ಹುಡುಗನೂ ಕಡಿಮೆಯವನಲ್ಲ. ಅಪ್ಪ ಒಪ್ಪಲಿ ಅಂತ ಆರು ತಿಂಗಳ ಹಿಂದೆ ಇಂಥದ್ದೇ ಒಬ್ಬನಿಗೆ ಐದು ಸಾವಿರ ಆನ್‌ಲೈನ್‌ನಲ್ಲಿ ಕಳಿಸಿದ್ದ. ಕೂಡಿಸೋದು, ಅಗಲಿಸೋದು, ಎರಡೂ ಒಂದೇ ಅಂಗಡಿಯ ಸರಕು.

ನಾನು ಫೋಟೊ ತೆಗೆದು ಪರಿಚಯದ ಆಯುರ್ವೇದ ವೈದ್ಯೆಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು: "ಯಾರಿಗೂ ಕುಡಿಸಬೇಡಿ." ಬೇರು ಯಾವುದೆಂದು ಫೋಟೊದಲ್ಲಿ ಹೇಳಲಾಗದು, ಬೀಜ ಮಾತ್ರ ಮದಗುಣಕಿಯದು ಅಂದರು. ಅಂದರೆ ದತ್ತೂರಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮದಗುಣಕಿಯಲ್ಲಿ ಅಟ್ರೋಪಿನ್, ಸ್ಕೋಪೊಲಮೈನ್ ಇರುತ್ತವೆ. ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಟ್ಟರೆ ಅವು ಔಷಧ. ಬೀಜ ಅರೆದು ಕುಡಿಸಿದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆ ಬಡಿತ ಏರುತ್ತದೆ, ಮನುಷ್ಯ ಇಲ್ಲದ್ದನ್ನು ಕಂಡಂತೆ ಮಾತಾಡುತ್ತಾನೆ. ಹೆಚ್ಚಾದರೆ ಪ್ರಾಣವೇ ಹೋಗಬಹುದು. "ಮನಸ್ಸು ತಿರುಗಿತು" ಅನ್ನೋದು ಇದಕ್ಕೇ ಇರಬೇಕು. ಗುಲಗಂಜಿಯನ್ನು ಅಕ್ಕಸಾಲಿಗರು ತೂಕಕ್ಕೆ ಇಟ್ಟುಕೊಂಡಿರುತ್ತಿದ್ದರು, ನಾವು ಚಿಕ್ಕವರಿದ್ದಾಗ ಆಟಕ್ಕೆ ಆರಿಸಿದ್ದೇವೆ. ಅದರೊಳಗಿನ ಅಬ್ರಿನ್ ಮಾತ್ರ ಔಡಲ ಬೀಜದ ವಿಷದ ಜಾತಿಯದು, ಅದಕ್ಕಿಂತ ಜೋರು. ಗಟ್ಟಿ ಸಿಪ್ಪೆ ಒಡೆಯದೆ ನುಂಗಿದರೆ ಎಷ್ಟೋ ಸಲ ಹಾಗೇ ಹೊರಬೀಳುತ್ತದೆ, ಅರೆದರೆ ಬೇರೆಯೇ ಕತೆ. ಹನುಮಪ್ಪನಿಗೆ ಹಾರ ಹಾಕುವ ಎಕ್ಕಿ ಗಿಡದ ಬೇರನ್ನೂ ಇವರು ಮಾರುತ್ತಾರೆ. ಅದರ ಹಾಲು ಕಣ್ಣಿಗೆ ಕೆಟ್ಟದ್ದು, ಹೊಟ್ಟೆಗೆ ಹೋದರೆ ಹೃದಯದ ಬಡಿತ ಕೆಡಿಸುತ್ತದೆ. ಯಾರಾದರೂ ಇಂಥದ್ದು ಕುಡಿದಿದ್ದರೆ 108ಕ್ಕೆ ಫೋನ್ ಮಾಡಿ, ಉಳಿದ ಬೀಜ, ಬೇರನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.

"ಕಾಕೂ, ಇದು ವಿಷ" ಅಂದೆ. ಅವರು ತಾಸೊತ್ತು ಅತ್ತರು. ಮಗ ಸಾಯಲಿ ಅಂತ ಯಾವ ತಾಯಿ ಹಾಲು ಕಾಸ್ತಾಳೆ? ಆಮೇಲೆ ಮಾತು ಬಂತು. ಅದರಲ್ಲಿ ದೇವರು, ಧರ್ಮ ಎಲ್ಲೂ ಬರಲಿಲ್ಲ. "ನಮ್ಮಣ್ಣನ ಮಗಳನ್ನ ಇವಗ ತರತೇನಂತ ಮಾತ ಕೊಟ್ಟೀನಿ. ಈಗ ನನ್ನ ತವರಮನಿ ಬಾಗಲಾ ಮುಚ್ಚತೈತಿ. ಸಣ್ಣಾಕಿ ಮದುವಿ ಇನ್ನ ಆಗಬೇಕು. ಓಣ್ಯಾಗ ಮಂದಿ ನನ್ನ ನೀರಿಗೆ ಕರದಾರೇನ?"

ನಾವು ಹುಡುಗರು ಇದನ್ನು "ಮೈಂಡ್‌ಸೆಟ್" ಅಂತ ಒಂದೇ ಮಾತಲ್ಲಿ ತಳ್ಳಿಬಿಡ್ತೀವಿ. ತವರು, ತಂಗಿಯ ಮದುವೆ, ಅಪ್ಪನ ಹೆಸರಲ್ಲಿರುವ ಕಬ್ಬಿನ ಹೊಲ, ಸೊಸೈಟಿಯ ಸಾಲಕ್ಕೆ ಜಾಮೀನು ನಿಂತ ದೊಡ್ಡಪ್ಪ: ಹೆದರಿಕೆ ಇರೋದು ಅಲ್ಲಿ. ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಎರಡೂ ಮನೆಯವರು ಹೆಜ್ಜೆ ಹಾಕುತ್ತಾರೆ, ಹರಕೆ ಹೊರುತ್ತಾರೆ. ಬೀಗತನದ ಮಾತು ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತದೆ. ಪ್ಯೂ ಸಂಸ್ಥೆ ದೇಶದ ಸುಮಾರು 30,000 ಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಮ್ಮ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಅಂದವರು ಹಿಂದೂಗಳಲ್ಲಿ ಶೇ. 67, ಮುಸ್ಲಿಮರಲ್ಲಿ ಶೇ. 80. ಎರಡೂ ಕಡೆ ಅದೇ ಬಾಗಿಲು.

ಇನ್ನೊಂದು ಹೆದರಿಕೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರದಲ್ಲಿ ಅನ್ಯಧರ್ಮದ ಹುಡುಗಿಯನ್ನು ಪ್ರೀತಿಸಿದ 24ರ ಹುಡುಗನೊಬ್ಬನ ಶವ ರೈಲು ಹಳಿಯ ಮೇಲೆ ಸಿಕ್ಕಿತ್ತು. ಬಂಧನವಾದವರಲ್ಲಿ ಹುಡುಗಿಯ ತಂದೆ ತಾಯಿಯೂ ಇದ್ದರು. ಆ ಸುದ್ದಿ ನಮ್ಮ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ತಿರುಗಿತ್ತು.

ಇಬ್ಬರೂ ಕಡೆಗೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದರು. ಮತಾಂತರ ಬೇಕಿಲ್ಲ. ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು, ಅದು ಕಚೇರಿಯ ಗೋಡೆ ಮೇಲೆ 30 ದಿನ ಇರುತ್ತದೆ, ಆಮೇಲೆ ಮೂವರು ಸಾಕ್ಷಿ. ಆಕ್ಷೇಪಣೆ ಯಾರಾದರೂ ಹಾಕಬಹುದು, ಆದರೆ ವಯಸ್ಸು, ಮೊದಲ ಮದುವೆ, ಹತ್ತಿರದ ರಕ್ತಸಂಬಂಧ, ಒಪ್ಪಿಗೆ ಕೊಡುವ ಬುದ್ಧಿಸ್ಥಿಮಿತ ಇಂಥ ಕಾರಣಕ್ಕೆ ಮಾತ್ರ. "ನಮಗ ಮನಸ್ಸಿಲ್ಲ" ಅನ್ನೋದು ಆಕ್ಷೇಪಣೆ ಅಲ್ಲ. 2020ರಲ್ಲಿ ನಮ್ಮ ಹೈಕೋರ್ಟೇ, ವಯಸ್ಕರು ತಮಗಿಷ್ಟವಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಎಂದಿದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತದೆ. ಕಾನೂನು ಬರೆದವರಿಗೆ ನಮ್ಮೂರಿನ ವಾಟ್ಸಾಪ್ ಗೊತ್ತಿರಲಿಲ್ಲ. ಒಂದು ವಾರದೊಳಗೆ ಆ ಹಾಳೆಯ ಫೋಟೊ ಸೋದರಮಾವನ ಫೋನಿನಲ್ಲಿತ್ತು. ಉಳಿದ ಇಪ್ಪತ್ತು ಚಿಲ್ಲರೆ ದಿನ ಇಬ್ಬರೂ ನಮ್ಮ ಪಿಜಿ, ಗೆಳತಿಯ ರೂಮು ಅಂತ ತಿರುಗಿದರು.

ಆಸ್ತಿಯ ಬಗ್ಗೆಯೂ ಒಂದು ಮಾತು. ಈ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾದ ಹಿಂದೂ ಅವಿಭಕ್ತ ಕುಟುಂಬದ ಸದಸ್ಯ ಆ ಕುಟುಂಬದಿಂದ ಬೇರೆಯಾದಂತೆ. ಪಾಲು ಹೋಗುತ್ತದೆ ಅಂತ ಅಲ್ಲ, ಪಾಲಾದ ಹಾಗೆ ಅಂತ. ಊರಲ್ಲಿ ಇದನ್ನು "ಹೊಲಾ ಹೋತು" ಅಂತ ಹೇಳಿ ಹೆದರಿಸುವವರಿದ್ದಾರೆ. ಸಹಿ ಮಾಡುವ ಮೊದಲು ವಕೀಲರನ್ನು ಕೇಳಿ.

ಮದುವೆಯಾಯಿತು. ಕಾಕು ಹೇಳಿದ್ದು ಸುಳ್ಳಾಗಲಿಲ್ಲ: ತವರಿನ ಬಾಗಿಲು ಮುಚ್ಚಿತು, ತಂಗಿಗೆ ಬಂದ ಎರಡು ಸಂಬಂಧ ತಿರುಗಿ ಹೋದವು. ಮೂರನೆಯದು ಕೂಡಿಬಂತು. ಹುಡುಗನೇ, "ನಿಮ್ಮಣ್ಣನ ವಿಷಯ ಗೊತ್ತೈತ್ರಿ, ಬಿಡ್ರಿ" ಅಂದನಂತೆ. ಹುಡುಗಿಯ ಮನೆಯಿಂದ ಅವಳ ಅಣ್ಣ ಮಾತ್ರ ಫೋನ್ ಮಾಡುತ್ತಾನೆ, ಅದೂ ಡ್ಯೂಟಿ ಮೇಲಿದ್ದಾಗ.

ಹೋದ ವರ್ಷ ಹೆರಿಗೆಯಾದಾಗ ಕಾಕು ರಾತ್ರಿ ಬಸ್ಸಿನಲ್ಲಿ ಒಬ್ಬರೇ ಬೆಂಗಳೂರಿಗೆ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಅಂಟಿನ ಉಂಡಿ. ತುಪ್ಪದಲ್ಲಿ ಅರಳಿಸಿದ ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ. ಸೊಸೆ ಒಂದು ತಿಂದು, "ನಮ್ಮ ಅಮ್ಮೀನೂ ಹಿಂಗ ಮಾಡ್ತಾರ, ಗಸಗಸಿ ಜಾಸ್ತಿ ಹಾಕ್ತಾರ" ಅಂದಳು. ಅಯ್ಯೋ, ಯಾವ ಧರ್ಮ ಅಂತ ನಾನೇ ಹೇಳಿಬಿಟ್ಟೆ. ಇರಲಿ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಗಸಗಸಿ ಹಾಕತೇನಿ ತಗೋ" ಅಂದರು.