ಪ್ರಶ್ನೆಯೂ ಪ್ರಮಾಣವೂ: ಲೋಕವ್ಯವಹಾರಗಳ ಸಂದರ್ಶನಗಳನ್ನು ಇತಿಹಾಸದ ವಿದ್ಯಾರ್ಥಿ ಓದಬೇಕಾದ ಬಗೆ

ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಯಲ್ಲಿ ನಮ್ಮ ವಿಭಾಗದ ಕೆಲವು ವಿದ್ಯಾರ್ಥಿಗಳು ಹಿರಿಯರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದಾಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. ವಿದ್ಯಾರ್ಥಿಯೊಬ್ಬನು ವೃದ್ಧ ರೈತರೊಬ್ಬರನ್ನು, "೧೯೭೧ರ ಯುದ್ಧದಲ್ಲಿ ನಮ್ಮ ದೇಶ ಗೆದ್ದಾಗ ಊರಿನವರೆಲ್ಲ ಬಹಳ ಸಂತೋಷಪಟ್ಟಿರಬೇಕಲ್ಲವೆ, ತಾತ?" ಎಂದು ಕೇಳಿದನು. "ಹೂಂ ಕಣಪ್ಪ, ಸಂತೋಷಪಟ್ಟೆವು" ಎಂದು ಅವರು ಹೇಳಿದರು. ವಿದ್ಯಾರ್ಥಿ ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದನು. ಸ್ವಲ್ಪ ಹೊತ್ತಿನ ಮೇಲೆ ನಾವು, "ಆ ಡಿಸೆಂಬರಿನಲ್ಲಿ ತಾವು ಏನು ಮಾಡುತ್ತಿದ್ದಿರಿ?" ಎಂದು ಮಾತ್ರ ಕೇಳಿದೆವು. ಆಗ ಅವರು ಭತ್ತದ ಕೊಯ್ಲಿನ ಮಾತನ್ನು ತೆಗೆದರು. ಒಂದು ಮನೆಯ ಜಗಲಿಯ ಮೇಲಿದ್ದ ರೇಡಿಯೋವಿನ ವಾರ್ತೆಯನ್ನು ಕೇಳಲು ಜನರು ಕಣದಿಂದ ಎದ್ದು ಬರುತ್ತಿದ್ದುದನ್ನು ಹೇಳಿದರು. ಮಗನನ್ನು ಸೈನ್ಯಕ್ಕೆ ಕಳುಹಿಸಿದ್ದ ತಾಯಿಯೊಬ್ಬಳು ಜಗಲಿಯ ಹತ್ತಿರಕ್ಕೆ ಬಾರದೆ, ಕೇಳಿ ಹಿಂದಿರುಗುವವರ ಮುಖವನ್ನು ಮಾತ್ರ ನೋಡುತ್ತಿದ್ದಳೆಂಬುದನ್ನೂ ಹೇಳಿದರು. ಮೊದಲನೆಯ ಉತ್ತರವು ಸುಳ್ಳಲ್ಲ. ಆದರೆ ಅದು ವಿದ್ಯಾರ್ಥಿಯೇ ಬರೆದು ವೃದ್ಧರ ಬಾಯಿಂದ ಹೇಳಿಸಿದ ಉತ್ತರ. ಎರಡನೆಯದು ಅವರದೇ ಆದದ್ದು.

ಹಳ್ಳಿಯ ಜಗಲಿಯ ಮೇಲೆ ಕಂಡುಬಂದ ಈ ವ್ಯತ್ಯಾಸವು ರಾಷ್ಟ್ರನಾಯಕರ ಸಂದರ್ಶನಗಳಲ್ಲಿಯೂ ಇದ್ದೇ ಇದೆ. ಇಪ್ಪತ್ತನೆಯ ಶತಮಾನದ ಲೋಕವ್ಯವಹಾರಗಳನ್ನು ಅಭ್ಯಾಸಮಾಡುವವರು ಒಪ್ಪಂದಗಳ ಪಾಠಗಳನ್ನೂ ಸರಕಾರದ ಕಡತಗಳನ್ನೂ ಎಷ್ಟು ಎಚ್ಚರದಿಂದ ಪರೀಕ್ಷಿಸುತ್ತಾರೆಯೋ ಅಷ್ಟೇ ಎಚ್ಚರವನ್ನು ಸಂದರ್ಶನಗಳ ವಿಷಯದಲ್ಲಿ ತೋರುವುದು ವಿರಳ. ನಾಯಕನ ಒಂದು ವಾಕ್ಯವನ್ನು ಮಾತ್ರ ಎತ್ತಿಕೊಂಡು, ಅದನ್ನು ಹೊರಡಿಸಿದ ಪ್ರಶ್ನೆಯನ್ನು ಬಿಟ್ಟುಬಿಡುವುದು ನಮ್ಮ ಪ್ರಬಂಧಗಳಲ್ಲಿ ಸಾಮಾನ್ಯ ದೋಷವಾಗಿದೆ. ಕಠಿಣವಾದ ಪ್ರಶ್ನೆಗಳಿಂದ ಕೂಡಿದ ಕೆಲವು ಪ್ರಸಿದ್ಧ ಸಂದರ್ಶನಗಳನ್ನು ಮುಂದಿಟ್ಟುಕೊಂಡು, ಅವುಗಳನ್ನು ಪ್ರಮಾಣವಾಗಿ ಬಳಸುವಾಗ ಏನೇನನ್ನು ವಿಚಾರಿಸಬೇಕೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

೧. ಪ್ರಶ್ನೆಯೊಳಗಿನ ಗ್ರಹಿಕೆ

ಪ್ರತಿಯೊಂದು ಪ್ರಶ್ನೆಯಲ್ಲಿಯೂ ಕೇಳುವವನ ಒಂದು ಪೂರ್ವಗ್ರಹಿಕೆ ಅಡಗಿರುತ್ತದೆ. ಉತ್ತರಿಸುವವರು ಅದನ್ನು ಒಪ್ಪಿ ಉತ್ತರಿಸಬಹುದು, ಇಲ್ಲವೆ ಪ್ರಶ್ನೆಯನ್ನೇ ತಿರಸ್ಕರಿಸಬಹುದು. ೧೯೩೧ರಲ್ಲಿ ಗುಜರಾತಿನ ಬೋರಸದದಲ್ಲಿ ಫಾಕ್ಸ್ ಮೂವಿಟೋನ್ ಎಂಬ ಅಮೆರಿಕದ ವಾರ್ತಾಚಿತ್ರ ಸಂಸ್ಥೆಯವರು ಮಹಾತ್ಮಾ ಗಾಂಧಿಯವರ ಮಾತುಗಳನ್ನು ಧ್ವನಿಸಹಿತವಾಗಿ ಚಿತ್ರೀಕರಿಸಿದರು. ಮತ್ತೆ ಸೆರೆಮನೆಗೆ ಹೋಗಲು ಸಿದ್ಧರೇ ಎಂಬ ಪ್ರಶ್ನೆಗೆ ಗಾಂಧೀಜಿ ಯಾವಾಗಲೂ ಸಿದ್ಧವೆಂದು ಒಂದೇ ಮಾತಿನಲ್ಲಿ ಹೇಳಿದರು. ಭಾರತದ ಸ್ವಾತಂತ್ರ್ಯಕ್ಕಾಗಿ ಪ್ರಾಣವನ್ನು ಕೊಡಲು ಸಿದ್ಧರೇ ಎಂದು ಕೇಳಿದಾಗ ಮಾತ್ರ ಅದು ಕೆಟ್ಟ ಪ್ರಶ್ನೆಯೆಂದರು. ಸೆರೆಮನೆಯ ಪ್ರಶ್ನೆ ಆಚರಣೆಗೆ ಸಂಬಂಧಿಸಿದ್ದು. ಪ್ರಾಣದ ಪ್ರಶ್ನೆ ಕೇವಲ ವೀರೋಕ್ತಿಯನ್ನು ನಿರೀಕ್ಷಿಸಿದ್ದು. ಉತ್ತರಗಳನ್ನಷ್ಟೇ ಬರೆದುಕೊಂಡವನಿಗೆ ಈ ಭೇದವು ಕಾಣುವುದಿಲ್ಲ.

ಲೋಕವ್ಯವಹಾರದಲ್ಲಿ ಇದಕ್ಕೆ ಉತ್ತಮ ನಿದರ್ಶನವು ೧೯೭೧ರ ಲಂಡನ್ ಸಂದರ್ಶನ. ಆ ವರ್ಷ ಮಾರ್ಚ್ ೨೫ರ ರಾತ್ರಿ ಪೂರ್ವ ಪಾಕಿಸ್ತಾನದಲ್ಲಿ ಸೈನಿಕ ಕಾರ್ಯಾಚರಣೆ ಆರಂಭವಾದ ಮೇಲೆ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಆಗಸ್ಟ್ ೯ರಂದು ಭಾರತ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಮೈತ್ರಿ ಒಪ್ಪಂದವಾಯಿತು. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದವರೆಗೆ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಯೂರೋಪಿನ ರಾಜಧಾನಿಗಳಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಭಾರತದ ನಿಲುವನ್ನು ವಿವರಿಸುತ್ತ ಪ್ರವಾಸಮಾಡಿದರು. ಲಂಡನ್ನಿನಲ್ಲಿ ಬಿಬಿಸಿಯ ಮೈಕೆಲ್ ಚಾರ್ಲ್ಟನ್ ಅವರು, ಭಾರತವು ಇನ್ನಷ್ಟು ಸಂಯಮವನ್ನು ತೋರಿ ಗಡಿಯ ಉದ್ವೇಗವನ್ನು ಏಕೆ ತಗ್ಗಿಸಬಾರದೆಂಬ ಅರ್ಥದ ಪ್ರಶ್ನೆಯನ್ನು ಮುಂದಿಟ್ಟರು. ಶ್ರೀಮತಿ ಗಾಂಧಿಯವರು ಸಂಯಮದ ಲೆಕ್ಕವನ್ನು ಒಪ್ಪಿಸಲಿಲ್ಲ. ಹಿಟ್ಲರನು ಯೂರೋಪಿನಲ್ಲಿ ಹಾವಳಿ ಮಾಡುತ್ತಿದ್ದಾಗ, ಸುಮ್ಮನಿರೋಣ, ಶಾಂತಿಯಿರಲಿ ಎಂದು ನೀವು ಹೇಳಿದಿರಾ ಎಂಬ ಅರ್ಥದಲ್ಲಿ ಅವರು ಪ್ರತಿಪ್ರಶ್ನೆಯನ್ನು ಹಾಕಿದರು.

ಈ ಉತ್ತರವನ್ನು ದಿಟ್ಟತನದ ಗುರುತೆಂದು ಮೆಚ್ಚುವುದು ಸುಲಭ. ಇತಿಹಾಸದ ವಿದ್ಯಾರ್ಥಿ ಇನ್ನೊಂದು ಹೆಜ್ಜೆ ಮುಂದಿಡಬೇಕು. ಭಾರತ ಮತ್ತು ಪಾಕಿಸ್ತಾನಗಳೆರಡೂ ಸಮಾನ ಜವಾಬ್ದಾರಿಯುಳ್ಳ ಕಕ್ಷಿಗಳೆಂಬುದು ಪ್ರಶ್ನೆಯ ಗ್ರಹಿಕೆಯಾಗಿತ್ತು. ಉತ್ತರವು ಆ ಸಮಾನತೆಯನ್ನು ಒಡೆದು, ಬ್ರಿಟಿಷ್ ಶ್ರೋತೃಗಳು ತಮ್ಮ ಅನುಭವದಿಂದಲೇ ಅಳೆಯಬಲ್ಲ ಇನ್ನೊಂದು ಉಪಮಾನವನ್ನು ಮುಂದಿಟ್ಟಿತು. ಉತ್ತರವನ್ನು ಯಾರಿಗಾಗಿ ಕೊಡಲಾಯಿತೆಂಬುದು ಹಿಟ್ಲರನ ಹೆಸರಿನಿಂದಲೇ ತಿಳಿಯುತ್ತದೆ. ಇದೇ ಮಾತನ್ನು ಮೈಸೂರಿನ ಸಭೆಯಲ್ಲಿ ಆಡಿದ್ದರೆ ಉಪಮಾನವು ಬೇರೆಯಾಗುತ್ತಿತ್ತು. ಅಂತೆಯೇ ಈ ಉತ್ತರದಿಂದ ಭಾರತದ ನೀತಿಸಮರ್ಥನೆ ತಿಳಿಯುತ್ತದೆಯೇ ಹೊರತು ಸೈನಿಕ ಸಿದ್ಧತೆಯ ಸ್ಥಿತಿ ತಿಳಿಯುವುದಿಲ್ಲ. ಡಿಸೆಂಬರ್ ೩ರಂದು ಯುದ್ಧವು ಆರಂಭವಾಗಿ ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯವು ಶರಣಾಯಿತು. ಸಂದರ್ಶನವನ್ನು ಆ ಯುದ್ಧದ ಮುನ್ಸೂಚನೆಯೆಂದು ಈಗ ಓದುವುದು, ಫಲವನ್ನು ಕಂಡ ಮೇಲೆ ಬೀಜಕ್ಕೆ ಅರ್ಥವನ್ನು ಹಚ್ಚಿದಂತೆ.

೨. ದಾಖಲೆಯ ಬಗೆ

ಸಂದರ್ಶನವು ಹೇಗೆ ದಾಖಲಾಯಿತೆಂಬುದು ಎರಡನೆಯ ವಿಚಾರ. ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಅಲ್ಲಿಯವರೆಗೆ ನಮ್ಮ ಕಡೆಯ ಜನರಿಗೆ ದೂರದ ದೊಡ್ಡವರ ಮಾತು ತಲುಪುತ್ತಿದ್ದುದು ವರದಿಗಾರನ ಲೇಖನಿಯ ಮೂಲಕ. ಅಂಥ ವರದಿಯಲ್ಲಿ ಉತ್ತರದ ಸಾರ ಉಳಿಯುತ್ತಿತ್ತು. ತಡವರಿಕೆ, ಮೌನ, ನಗೆ ಇವು ಉಳಿಯುತ್ತಿರಲಿಲ್ಲ. ಧ್ವನಿಮುದ್ರಣವು ಬಂದ ಮೇಲೆ ಇವೂ ಪ್ರಮಾಣಗಳಾದವು. ಅದರೊಡನೆ ಹೊಸ ವಿವಾದಗಳೂ ಹುಟ್ಟಿದವು.

ಇಟಲಿಯ ಪತ್ರಕರ್ತೆ ಓರಿಯಾನಾ ಫಲ್ಲಾಚಿಯವರು ಧ್ವನಿಮುದ್ರಣ ಯಂತ್ರವನ್ನು ಮುಂದಿಟ್ಟುಕೊಂಡೇ ಪ್ರಶ್ನಿಸುತ್ತಿದ್ದರು. ೧೯೭೨ರಲ್ಲಿ ಅವರು ಮೊದಲು ಇಂದಿರಾ ಗಾಂಧಿಯವರನ್ನೂ ಅನಂತರ ಪಾಕಿಸ್ತಾನದ ಅಧ್ಯಕ್ಷ ಜುಲ್ಫಿಕರ್ ಆಲಿ ಭುಟ್ಟೊ ಅವರನ್ನೂ ಸಂದರ್ಶಿಸಿದರು. ಭುಟ್ಟೊ ಅವರು ಶ್ರೀಮತಿ ಗಾಂಧಿಯವರ ಬುದ್ಧಿಶಕ್ತಿಯನ್ನು ಹಗುರವಾಗಿ ಎಣಿಸಿ ಆಡಿದ ಮಾತುಗಳು ಪ್ರಕಟವಾದಾಗ, ಎರಡು ದೇಶಗಳ ಮಾತುಕತೆಗೇ ವಿಘ್ನವೊದಗುವ ಭೀತಿಯುಂಟಾಯಿತು. ಆ ಭಾಗವು ಕಲ್ಪಿತವೆಂದು ಒಪ್ಪಿಕೊಳ್ಳಬೇಕೆಂದು ತಮ್ಮನ್ನು ಕೇಳಲಾಯಿತೆಂದೂ ತಾವು ನಿರಾಕರಿಸಿದೆವೆಂದೂ ಫಲ್ಲಾಚಿಯವರು ಹೇಳಿಕೊಂಡಿದ್ದಾರೆ. ಇದು ಅವರ ಹೇಳಿಕೆಯೆಂಬುದನ್ನು ಓದುಗರು ಗಮನದಲ್ಲಿಡಬೇಕು. ಮಾತುಕತೆ ನಿಲ್ಲಲಿಲ್ಲ, ೧೯೭೨ರ ಜುಲೈ ೨ರ ಸಿಮ್ಲಾ ಒಪ್ಪಂದಕ್ಕೆ ಇಬ್ಬರು ನಾಯಕರೂ ಸಹಿಹಾಕಿದರು. ಒಂದು ಸಂದರ್ಶನವು ರಾಜತಂತ್ರವನ್ನು ಅಲುಗಿಸಬಲ್ಲುದು. ದೇಶಗಳ ಅಗತ್ಯಗಳು ಅದಕ್ಕಿಂತಲೂ ಬಲವಾಗಿರಬಲ್ಲುವು. ಇವೆರಡೂ ಈ ಪ್ರಸಂಗದಿಂದ ತಿಳಿಯುತ್ತವೆ.

ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಹೆನ್ರಿ ಕಿಸಿಂಜರ್ ಅವರು ಫಲ್ಲಾಚಿಯವರೊಡನೆ ಮಾತನಾಡುತ್ತ, ತಮ್ಮನ್ನು ಒಂಟಿಯಾಗಿ ಕುದುರೆಯೇರಿ ಮುಂದೆ ನಡೆಯುವ ದನಗಾಹಿ ವೀರನಿಗೆ ಹೋಲಿಸಿಕೊಂಡರು. ಪತ್ರಕರ್ತರೊಡನೆ ತಾವು ನಡೆಸಿದ ಸಂಭಾಷಣೆಗಳಲ್ಲೆಲ್ಲ ಇದಕ್ಕಿಂತ ಅನರ್ಥಕಾರಿಯಾದುದು ಇನ್ನೊಂದಿಲ್ಲವೆಂದು ಅವರು ಮುಂದೆ ಬರೆದರು. ಜಾಣರಾದ ರಾಜತಂತ್ರಜ್ಞರು ಪ್ರತಿಕೂಲ ಪ್ರಶ್ನೆಗಿಂತ ತಮ್ಮನ್ನು ಹೊಗಳಿಸಿಕೊಳ್ಳುವ ಅವಕಾಶವಿರುವ ಪ್ರಶ್ನೆಯಲ್ಲಿಯೇ ಹೆಚ್ಚಾಗಿ ಎಡವುತ್ತಾರೆಂಬುದಕ್ಕೆ ಇದು ಸಾಕ್ಷಿ. ಪ್ರಶ್ನೆಯು ಕಠಿಣವಾಗಲು ಧ್ವನಿಯು ಕಠೋರವಾಗಬೇಕಾಗಿಲ್ಲ.

ದಾಖಲೆಯ ವಿಚಾರದಲ್ಲಿ ಸಂಕಲನವನ್ನೂ ಸೇರಿಸಬೇಕು. ೧೯೭೭ರಲ್ಲಿ ಡೇವಿಡ್ ಫ್ರಾಸ್ಟ್ ಅವರು ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು ಸುಮಾರು ಇಪ್ಪತ್ತೆಂಟೂಮುಕ್ಕಾಲು ಗಂಟೆಗಳ ಕಾಲ ಚಿತ್ರೀಕರಿಸಿದರು. ಮೇ ತಿಂಗಳಿನಲ್ಲಿ ತಲಾ ಒಂದೂವರೆ ಗಂಟೆಯ ನಾಲ್ಕು ಕಾರ್ಯಕ್ರಮಗಳಾಗಿ ಅದು ಪ್ರಸಾರವಾಯಿತು. ನಿಕ್ಸನ್ ಅವರಿಗೆ ಆರು ಲಕ್ಷ ಡಾಲರುಗಳ ಸಂಭಾವನೆ ಗೊತ್ತಾಗಿತ್ತು. ವಾಟರ್‌ಗೇಟ್ ಹಗರಣವಲ್ಲದೆ ವಿಯಟ್ನಾಮ್, ಚೀನಾ ಮೊದಲಾದ ವಿದೇಶಾಂಗ ವಿಷಯಗಳೂ ಅಲ್ಲಿ ಬಂದವು. ಹಣದ ಒಪ್ಪಂದವನ್ನು ಆಗಲೇ ಹಲವರು ಆಕ್ಷೇಪಿಸಿದರು. ಆದರೂ ಸಂಶೋಧಕರು ನ್ಯಾಯಾಲಯದ ದಾಖಲೆಗಳಿಂದ ಹುಡುಕಿ ತೆಗೆದ ಸಂಭಾಷಣೆಗಳನ್ನು ಹಿಡಿದು ಫ್ರಾಸ್ಟ್ ಪ್ರಶ್ನಿಸಿದಾಗ ನಿಕ್ಸನ್ ಅವರಿಂದ ತಪ್ಪೊಪ್ಪಿಗೆಗೆ ಸಮೀಪವಾದ ಮಾತುಗಳು ಹೊರಟವು. ಕೇಳುವವನ ಧೈರ್ಯಕ್ಕಿಂತ ಅವನ ಕೈಯಲ್ಲಿದ್ದ ಕಾಗದವೇ ಹೆಚ್ಚು ಕೆಲಸ ಮಾಡಿತು.

೩. ಉತ್ತರಿಸುವವರ ಪಕ್ಕದಲ್ಲಿ ಕುಳಿತವರು

ಸಂದರ್ಶನದಲ್ಲಿ ಇಬ್ಬರೇ ಇರುವಂತೆ ತೋರಿದರೂ ಮೂರನೆಯವರೊಬ್ಬರು ಇರುವುದುಂಟು. ಈ ವಿಷಯದಲ್ಲಿ ಮೈಸೂರಿಗೆ ಒಂದು ವಿಶೇಷ ಸಂಬಂಧವಿದೆ. ೧೯೨೪ರಲ್ಲಿ ಜನಿಸಿದ ಎಚ್. ವೈ. ಶಾರದಾಪ್ರಸಾದರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ೧೯೪೨ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡು, ಪತ್ರಿಕೋದ್ಯಮವನ್ನು ಸೇರಿದವರು. ಶಿವರಾಮ ಕಾರಂತರ ಆತ್ಮಕಥನವನ್ನು ಇಂಗ್ಲಿಷಿಗೆ ತಂದವರು. ೧೯೬೬ರಿಂದ, ನಡುವೆ ಸ್ವಲ್ಪ ಕಾಲವನ್ನು ಬಿಟ್ಟರೆ, ಸುಮಾರು ಎರಡು ದಶಕಗಳು ಪ್ರಧಾನಮಂತ್ರಿಗಳ ವಾರ್ತಾ ಸಲಹೆಗಾರರಾಗಿದ್ದರು. ಜಗತ್ತಿನ ಪತ್ರಕರ್ತರು ಇಂದಿರಾ ಗಾಂಧಿಯವರನ್ನು ಪ್ರಶ್ನಿಸಲು ಬಂದಾಗ ಬಾಗಿಲಲ್ಲಿ ಕಾಣುತ್ತಿದ್ದುದು ಅವರನ್ನೇ.

೧೯೮೪ರ ಅಕ್ಟೋಬರ್ ೩೧ರ ಬೆಳಿಗ್ಗೆ ಬ್ರಿಟಿಷ್ ನಟ ಹಾಗೂ ಲೇಖಕ ಪೀಟರ್ ಉಸ್ತಿನಾಫ್ ಅವರು ಚಿತ್ರೀಕರಣದ ತಂಡದೊಡನೆ ದೆಹಲಿಯ ಅಕ್ಬರ್ ರಸ್ತೆಯ ತೋಟದಲ್ಲಿ ಕಾದು ಕುಳಿತಿದ್ದರು, ಶಾರದಾಪ್ರಸಾದರೂ ಅಲ್ಲಿದ್ದರು. ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಆ ಸಂದರ್ಶನಕ್ಕೆಂದು ನಡೆದುಬರುತ್ತಿದ್ದಾಗಲೇ ಪ್ರಧಾನಮಂತ್ರಿಯವರು ಗುಂಡಿಗೆ ಬಲಿಯಾದರು. ಕೇಳಬೇಕೆಂದಿದ್ದ ಪ್ರಶ್ನೆಗಳು ಹಾಗೆಯೇ ಉಳಿದವು.

ಇಷ್ಟು ಸಮೀಪದಿಂದ ಕಂಡವರು ಸ್ಮೃತಿಗ್ರಂಥವನ್ನು ಬರೆಯುವರೆಂದು ಅನೇಕರು ನಿರೀಕ್ಷಿಸಿದ್ದರು. ಶಾರದಾಪ್ರಸಾದರು ಬರೆಯಲಿಲ್ಲ. ೨೦೦೩ರಲ್ಲಿ ಹೊರಬಂದ ಅವರ ಪ್ರಬಂಧಸಂಕಲನದ ಹೆಸರೇ, ಅಂಥ ಪುಸ್ತಕವನ್ನು ತಾವು ಬರೆಯುವುದಿಲ್ಲವೆಂದು ಸಾರುತ್ತದೆ. ೨೦೦೮ರಲ್ಲಿ ಅವರು ತೀರಿಕೊಂಡರು. ವಿಶ್ವಾಸವಿಟ್ಟವರ ಮಾತನ್ನು ಮಾರಬಾರದೆಂಬ ಆ ಸಂಯಮವನ್ನು ನಾವು ಗೌರವಿಸುತ್ತೇವೆ. ಆದರೆ ಇತಿಹಾಸದ ದೃಷ್ಟಿಯಿಂದ ಅದರ ಪರಿಣಾಮವನ್ನೂ ಹೇಳಬೇಕಾಗುತ್ತದೆ: ಒಳಗಿದ್ದವರು ಮೌನವಾಗಿರುವಾಗ, ಹೊರಗಿನಿಂದ ಬಂದು ಕೇಳಿದವರ ಪ್ರಶ್ನೆಗಳೇ ನಮಗೆ ಉಳಿಯುವ ಕಿಟಕಿ. ಆ ಕಿಟಕಿಯನ್ನು ಎಲ್ಲಿ ಕೊರೆಯಬೇಕೆಂದು ನಿರ್ಧರಿಸಿದವರು ಬಹುಮಟ್ಟಿಗೆ ಲಂಡನ್ನಿನ, ರೋಮಿನ, ನ್ಯೂಯಾರ್ಕಿನ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡವರು. ೧೯೭೧ರಲ್ಲಿ ಹೆಮ್ಮಿಗೆಯ ಜಗಲಿಯ ಮೇಲೆ ಕುಳಿತು ವಾರ್ತೆಯನ್ನು ಕೇಳಿದವರು ಪ್ರಧಾನಮಂತ್ರಿಯವರನ್ನು ಏನು ಕೇಳುತ್ತಿದ್ದರೆಂಬುದು ಈ ಯಾವ ಸಂದರ್ಶನದಲ್ಲಿಯೂ ಇಲ್ಲ.

೪. ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಈವರೆಗಿನ ವಿವೇಚನೆಯಿಂದ ನಾಲ್ಕು ಸೂಚನೆಗಳನ್ನು ಕೊಡಬಹುದಾಗಿದೆ. ಮೊದಲನೆಯದಾಗಿ, ಉತ್ತರವನ್ನು ಉದ್ಧರಿಸುವಾಗ ಪ್ರಶ್ನೆಯನ್ನೂ ತಪ್ಪದೆ ಉದ್ಧರಿಸಬೇಕು. ಎರಡನೆಯದಾಗಿ, ಪ್ರಶ್ನಿಸಿದವರು ಯಾರು, ಯಾವ ಶ್ರೋತೃಗಳಿಗಾಗಿ, ಯಾವ ಷರತ್ತಿನ ಮೇಲೆ ಪ್ರಶ್ನಿಸಿದರೆಂಬುದನ್ನು ಬರೆಯಬೇಕು. ಮೂರನೆಯದಾಗಿ, ಪೂರ್ಣ ಧ್ವನಿಮುದ್ರಣವಿದೆಯೇ, ಸಂಕಲಿತ ಪಾಠ ಮಾತ್ರವಿದೆಯೇ, ಒಬ್ಬರ ನೆನಪಿನಿಂದ ಬರೆದದ್ದೇ ಎಂಬುದನ್ನು ಬೇರ್ಪಡಿಸಬೇಕು. ನಾಲ್ಕನೆಯದಾಗಿ, ಸಂದರ್ಶನದ ಮಾತನ್ನು ಆ ದಿನದವರೆಗಿನ ಘಟನೆಗಳೊಡನೆ ಹೋಲಿಸಿ ನೋಡಬೇಕೇ ಹೊರತು ಮುಂದೆ ನಡೆದುದರ ಬೆಳಕಿನಲ್ಲಿ ಮಾತ್ರ ಅರ್ಥೈಸಬಾರದು.

ಈ ನಿಯಮಗಳು ನಮಗೂ ಅನ್ವಯಿಸುತ್ತವೆ. ಹೆಮ್ಮಿಗೆಯಿಂದ ಹಿಂದಿರುಗಿದ ಮೇಲೆ ಆ ವಿದ್ಯಾರ್ಥಿಯ ಟಿಪ್ಪಣಿಯನ್ನು ನೋಡಿದಾಗ, "ವಿಜಯದಿಂದ ಗ್ರಾಮಸ್ಥರು ಸಂತುಷ್ಟರಾದರು" ಎಂಬ ಒಂದೇ ಸಾಲಿತ್ತು. ತಾನು ಕೇಳಿದ ಪ್ರಶ್ನೆಯನ್ನು ಅವನು ಬರೆದಿರಲಿಲ್ಲ. ಅದನ್ನು ನಾವು ಅಳಿಸಿಹಾಕಿಸಲಿಲ್ಲ. ಅದರ ಮೇಲ್ಗಡೆ ಅವನ ಪ್ರಶ್ನೆಯನ್ನೂ, ಕೆಳಗಡೆ ನಮ್ಮ ಪ್ರಶ್ನೆಯನ್ನೂ ಎರಡನೆಯ ಉತ್ತರವನ್ನೂ ಬರೆಯಿಸಿದೆವು. ಆ ಹಾಳೆ ಈಗ ಅದೇ ರೂಪದಲ್ಲಿ ವಿಭಾಗದ ಕಡತದಲ್ಲಿದೆ. ಮುಂದೆ ಅದನ್ನು ನೋಡುವವರು, ಜಗಲಿಯಿಂದ ದೂರ ನಿಂತಿದ್ದ ಆ ತಾಯಿಯನ್ನು ನಾವು ಕಂಡದ್ದು ಯಾವ ಪ್ರಶ್ನೆಯಿಂದ ಎಂಬುದನ್ನೂ ಕಾಣುವಂತಾಗಲೆಂಬುದು ನಮ್ಮ ಉದ್ದೇಶ.