ಕಾಲುವೆಯ ಕೊನೆಯವನ ಲೆಕ್ಕ

ಲಿಂಗಸುಗೂರಿನಿಂದ ಮಸ್ಕಿ ಮಾರ್ಗವಾಗಿ ಸಿಂಧನೂರಿಗೆ ಸಾಗಿದಂತೆ ಒಣಬೇಸಾಯದ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆಗಳು ಹರಡಿಕೊಳ್ಳುವುದನ್ನು ಕಂಡಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂತಹ ಮಿತನೀರಿನ ಬೆಳೆಗಳಿಗೆ. ಮೇಲ್ಭಾಗವನ್ನು ಭತ್ತ ಆವರಿಸಿತು. ಕೊನೆಭಾಗದ ರೈತ ನೀರಿಗಾಗಿ ಬೀದಿಗಿಳಿಯಬೇಕಾಯಿತು.

ಇದನ್ನು ಮೇಲಿನವರ ಸ್ವಾರ್ಥವೆನ್ನುವುದು ಸುಲಭ. ಆದರೆ ಪಕ್ಕದ ಗದ್ದೆಯ ನೀರು ಬಸಿದು ಹೊಲ ಜವುಗಾದರೆ ಜೋಳದವನೂ ಭತ್ತಕ್ಕೆ ಹೊರಳುತ್ತಾನೆ. ಮುಂದಿನ ಸರದಿಯ ಭರವಸೆಯಿಲ್ಲದವನು ಸಿಕ್ಕಾಗಲೇ ನೀರು ತುಂಬಿಕೊಳ್ಳುತ್ತಾನೆ. ಬಿಡಿಯಾಗಿ ವಿವೇಕವೆನಿಸಿದ್ದು ಇಡಿಯಾಗಿ ಅನ್ಯಾಯವಾಗುತ್ತದೆ. ಸಮಾಜವಿಜ್ಞಾನಿಗಳು ಇಂಥದ್ದನ್ನು ‘ಸಂಕೀರ್ಣ ಹೊಂದಾಣಿಕೆಯ ವ್ಯವಸ್ಥೆ’ ಎನ್ನುತ್ತಾರೆ. ಒಬ್ಬೊಬ್ಬರ ನಿರ್ಧಾರವನ್ನೂ ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿ ನಡೆಯಗೊಟ್ಟು, ಒಟ್ಟು ಪರಿಣಾಮವನ್ನು ಗಮನಿಸುತ್ತಾರೆ.

ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಇಂಡೊನೇಷ್ಯಾದ ಬಾಲಿಯ ಗದ್ದೆಗಳ ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದು. ಹೆಚ್ಚು ಬೆಳೆದ ನೆರೆಯವರ ನಾಟಿಯ ಕಾಲವನ್ನೇ ಅನುಸರಿಸುವ ಒಂದೇ ನಿಯಮದಿಂದ, ಯಾರ ಅಪ್ಪಣೆಯೂ ಇಲ್ಲದೆ, ಅವರ ಮಾದರಿಯಲ್ಲಿ ನೀರಿನ ಹಂಚಿಕೆ ಹದಕ್ಕೆ ಬಂತು. ಅಲ್ಲಿ ಮೇಲಿನವನಿಗೂ ಕೆಳಗಿನವನ ಹಂಗಿದೆ: ಗದ್ದೆಗಳು ಏಕಕಾಲಕ್ಕೆ ಬಿಡುವು ಪಡೆಯದಿದ್ದರೆ ಕೀಟ ಇಬ್ಬರನ್ನೂ ಕಾಡುತ್ತದೆ.

ನಮ್ಮ ಕಾಲುವೆಯಲ್ಲಿ ಆ ಹಂಗು ಬಲವಾಗಿಲ್ಲ. ಆದುದರಿಂದ ಭತ್ತ ಬೆಳೆಯಬೇಡಿರೆಂಬ ಆದೇಶವೊಂದೇ ಸಾಲದು. ದಿನ ತಪ್ಪದ ಸರದಿ, ಜೋಳಕ್ಕೆ ಖಚಿತ ಬೆಲೆ, ಬಸಿಗಾಲುವೆ, ಇವು ರೈತನ ಲೆಕ್ಕವನ್ನು ಬದಲಿಸಬಲ್ಲವು. ಆ ಲೆಕ್ಕ ಬದಲಾಗದೆ ಕೊನೆಯ ಹೊಲಕ್ಕೆ ನೀರು ಹರಿಯದು.